ತೆಂಕಣ ಬೀದಿ ಈವತ್ತು ಯಾವ ದಿಕ್ಕಿಗೆ

ನಮ್ಮೂರಲ್ಲಿ ಬೆಳಿಗ್ಗೆ ಎದ್ದವರು ಮೊದಲು ಮುಖ ತೊಳೆಯುವುದಿಲ್ಲ, ಬಿಸಿಲು ಯಾವ ಕಿಟಕಿಯಲ್ಲಿದೆ ಎಂದು ನೋಡುತ್ತಾರೆ. ನಿನ್ನೆಯ ಕಿಟಕಿಯಲ್ಲೇ ಇದ್ದರೆ ಸರಿ, ಹಲ್ಲುಜ್ಜಲು ಹೋಗಬಹುದು. ಬೇರೆ ಕಿಟಕಿಯಲ್ಲಿದ್ದರೆ 'ಊರು ಮಗ್ಗುಲು ಬದಲಿಸಿದೆ' ಎಂದು ಒಳಗಿನವರಿಗೆ ಕೂಗಿ ಹೇಳಿ, ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ ಇನ್ನೊಂದು ಕಡೆ ಕಟ್ಟುತ್ತಾರೆ. ವರ್ಷಕ್ಕೆ ನಾಲ್ಕೈದು ಸಲ ಹೀಗಾಗುತ್ತದೆ. ಮಲಗಿದ ಮಗು ಹೊರಳಿದಷ್ಟೇ ಸದ್ದಿಲ್ಲದೆ ಊರಿಗೆ ಊರೇ, ಬಾವಿ, ಶಾಲೆ, ಸಂತೆಮಾಳದ ಸಮೇತ, ಒಂದಿಷ್ಟು ತಿರುಗಿ ಮಲಗುತ್ತದೆ. ತುಂಬಿದ ಕೊಡದ ನೀರು ತುಳುಕುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಆಚೆಯ ಗುಡ್ಡ ಮಾತ್ರ ನಿನ್ನೆ ಅಂಗಡಿಬೀದಿಯ ತುದಿಗಿದ್ದದ್ದು ಈವತ್ತು ಕಮ್ಮಾರಸಾಲೆಯ ಹಿಂದೆ ನಿಂತಿರುತ್ತದೆ.

ನಮಗೆ ಇದು ಅಭ್ಯಾಸವಾಗಿದೆ. ಮನೆಗಳಿಗೆ ನಾಲ್ಕೂ ಗೋಡೆಗೆ ಬಾಗಿಲುಗಳಿವೆ. ಬಸ್ಸು ಊರಂಚಿಗೆ ಬಂದು ಒಮ್ಮೆ ಹಾರನ್ ಹೊಡೆದು, ಆ ದಿನ ಯಾವ ಬೀದಿಯ ಬಾಯಿ ರಸ್ತೆಗೆ ಎದುರಾಗಿದೆಯೋ ಅದರೊಳಗೆ ನುಗ್ಗುತ್ತದೆ. ಹೊರಗಿನಿಂದ ಕರೆಂಟಿನ ತಂತಿ ಎಳೆಯಲು ಎರಡು ಸಲ ನೋಡಿದರು. ಎರಡು ಸಲವೂ ಮುಂದಿನ ಮಗ್ಗುಲಿಗೆ ಪಟಪಟನೆ ಕಿತ್ತುಹೋಯಿತು, ಬಿಟ್ಟರು. ವಾಸ್ತು ಹೇಳುವವನೊಬ್ಬ ಬಂದು ಮನೆ ಮಾಡಿ, ಆರು ತಿಂಗಳಲ್ಲಿ ತಲೆ ಕೆಟ್ಟು ವಾಪಸು ಹೋದ. 'ದಿಕ್ಕೆಟ್ಟವನೇ' ಎಂದು ನಮ್ಮಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ. ಬೈದರೆ ಅದು ಎಲ್ಲರಿಗೂ ತಗಲುತ್ತದೆ.

ಊರಿಗೆ ನಾಲ್ಕು ದೊಡ್ಡ ಬೀದಿಗಳು: ಮೂಡಣ ಬೀದಿ, ಪಡುವಣ ಬೀದಿ, ತೆಂಕಣ ಬೀದಿ, ಬಡಗಣ ಬೀದಿ. ಹೆಸರಿಟ್ಟ ದಿನ ಅವು ಹೆಸರಿಗೆ ತಕ್ಕಂತೆಯೇ ಇದ್ದವಂತೆ. ಆಮೇಲೆ ಊರು ಎಷ್ಟು ಹೊರಳಿದೆಯೋ ಲೆಕ್ಕ ಇಟ್ಟವರಿಲ್ಲ. ಹಾಗಾಗಿ ತೆಂಕಣ ಎಂದರೆ ನಮಗೆ ದಿಕ್ಕಲ್ಲ, ಹಿಟ್ಟಿನ ಗಿರಣಿಯೂ ಕೆಂಪಮ್ಮನ ಹೂವಿನ ಅಂಗಡಿಯೂ ಇರುವ ಬೀದಿ. ಆಕಾಶದ ದಿಕ್ಕುಗಳಿಗೆ ಬೇರೆ ಹೆಸರುಗಳಿದ್ದವು. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಈ ನಾಲ್ಕು ಹೆಸರುಗಳು ಮನೆಯಲ್ಲಿ ಬಳಕೆಯಲ್ಲಿರಲಿಲ್ಲ, ಶಾಲೆಯಲ್ಲಿ ಮಾತ್ರ ಇದ್ದವು. ಶಾಲೆಯಲ್ಲೂ ಒಬ್ಬರ ಬಾಯಲ್ಲಿ ಮಾತ್ರ. ಅವರು ಭೂಗೋಳದ ಅಂಬಾಬಾಯಿ ಟೀಚರ್. ಈ ಕಥೆ ಬರೆಯುತ್ತಿರುವುದು ನಮ್ಮೂರಿನ ಸೊಗಸು ಹೇಳಲಿಕ್ಕಲ್ಲ, ಅವರ ಉಪಕಾರ ನೆನೆಯಲಿಕ್ಕೆ. ಬದುಕಿರುವಾಗಲೇ ಹೇಳಿಬಿಡಬೇಕು.

ಅಂಬಾಬಾಯಿ ಟೀಚರಿಗೆ ಭೂಪಟವಿರಲಿಲ್ಲ. ನಮ್ಮೂರು ಯಾವ ಭೂಪಟದಲ್ಲೂ ಇಲ್ಲವಾದ್ದರಿಂದ ಅವರಿಗೆ ಅದರ ಮೇಲೆ ಸಿಟ್ಟೂ ಇತ್ತು. ಅವರ ಬಳಿ ಇದ್ದದ್ದು ಒಂದು ಒನಕೆ. ಅವರ ತಾಯಿ ರಾಗಿ ಕುಟ್ಟುತ್ತಿದ್ದದ್ದು. ಅದನ್ನು ಶಾಲೆಯ ಅಂಗಳದ ನಡುವೆ ನೆಟ್ಟಗೆ ನೆಟ್ಟು, ಸುತ್ತ ಸಗಣಿ ಸಾರಿಸಿ, ನಮ್ಮನ್ನು ಸುತ್ತಲೂ ಕೂರಿಸುತ್ತಿದ್ದರು. ಬೆಳಿಗ್ಗೆಯಿಂದ ಗಂಟೆಗೊಬ್ಬರಂತೆ ಹೋಗಿ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಚುಕ್ಕೆ ಇಡಬೇಕು. ಎಲ್ಲಕ್ಕಿಂತ ಗಿಡ್ಡ ನೆರಳು ಬಿದ್ದಾಗ ಮಧ್ಯಾಹ್ನ. ಚಳಿಗಾಲದಲ್ಲಿ ಆ ಗಿಡ್ಡ ನೆರಳು ತೋರಿಸುವುದೇ ಉತ್ತರ. 'ಊರು ಸುಳ್ಳು ಹೇಳಬಹುದು ಕಣ್ರೋ, ಒನಕೆ ಹೇಳಲ್ಲ' ಎನ್ನುತ್ತಿದ್ದರು. ಆಮೇಲೆ ಎಲ್ಲರೂ ಎದ್ದು ನಿಂತು 'ಈವತ್ತು ಮೂಡಣ ಬೀದಿ ದಕ್ಷಿಣಕ್ಕೆ, ಪಡುವಣ ಬೀದಿ ಉತ್ತರಕ್ಕೆ' ಎಂದು ಮಗ್ಗಿಯ ಹಾಗೆ ರಾಗ ಎಳೆದು ಹೇಳಬೇಕು. ಊರು ಹೊರಳಿದ ದಿನ ಮಸೀದಿಯ ಇಮಾಮ್ ಸಾಹೇಬರು ಶಾಲೆಯ ಗೇಟಿಗೆ ಬಂದು, ಚಾಪೆ ಯಾವ ಕಡೆ ಹಾಸಲಿ ಎಂದು ಕೇಳಿಕೊಂಡು ಹೋಗುತ್ತಿದ್ದರು. ಸೂರ್ಯ ಕಾಣದ ದಿನಗಳಿಗೆಂದು ಟೀಚರ ಬೀರುವಿನಲ್ಲಿ ಹಿತ್ತಾಳೆಯ ದಿಕ್ಸೂಚಿ ಒಂದಿತ್ತು. ಅದನ್ನು ಮುಟ್ಟಲು ನಮಗೆ ಅಪ್ಪಣೆ ಇರಲಿಲ್ಲ.

ನಾನು ಅವರ ಶಿಷ್ಯೆ, ಕುಸುಮಾವತಿ. ಅವರ ಬಾಯಲ್ಲಿ ಕುಸುಮಿ. ಓದಲು ಹೊರಗೆ ಹೋಗಿ, ಮಗ್ಗುಲು ಬದಲಿಸದ ಊರುಗಳಲ್ಲಿ ಏಳು ವರ್ಷ ಇದ್ದು, ವಿಜ್ಞಾನದಲ್ಲಿ ಡಿಗ್ರಿ, ಮೇಲೊಂದು ಬಿ.ಎಡ್ ಮಾಡಿ, ನಮ್ಮ ಶಾಲೆಗೇ ವಿಜ್ಞಾನ ಮತ್ತು ತಂತ್ರಜ್ಞಾನದ ಟೀಚರಾಗಿ ಬಂದೆ. ತಲೆ ಸ್ವಲ್ಪ ಊದಿಕೊಂಡೇ ಬಂದಿದ್ದೆ. ಹೊರಗಿನ ಶಾಲೆಗಳಲ್ಲಿ ಪ್ರಯೋಗಶಾಲೆ, ಸೋಲಾರ್ ಕಿಟ್, ಮೋಟರು, ಮೀಟರು ನೋಡಿ ಬಂದವಳಿಗೆ ಇಲ್ಲಿ ಮಕ್ಕಳು ಸಗಣಿ ನೆಲದ ಮೇಲೆ ಕೂತು ಒನಕೆಯ ನೆರಳು ಅಳೆಯುವುದು ನಾಚಿಕೆಯ ವಿಷಯವಾಗಿ ಕಂಡಿತು. ವಾರಕ್ಕೆ ನಾಲ್ಕು ಪಿರಿಯಡ್ಡು ಭೂಗೋಳಕ್ಕೆ ಹೋಗುತ್ತಿತ್ತು. ನನಗೆ ತಂತ್ರಜ್ಞಾನ ಕಲಿಸಲು ಎರಡೇ.

ಹೆಡ್‌ಮಾಸ್ಟರ್ ಹಾಲಪ್ಪನವರು ಒಳ್ಳೆಯವರು. ಯಾರು ಕೊನೆಗೆ ಬಂದು ಮಾತಾಡುತ್ತಾರೋ ಅವರ ಮಾತು ಅವರಿಗೆ ಸರಿ. ನಾನು ಕೊನೆಗೆ ಹೋಗಿ ಮಾತಾಡಿದೆ. ಮೇಲಿನ ಕಚೇರಿಗೆ ಕಳಿಸಲೆಂದು ಎರಡು ಪುಟದ ಪತ್ರವನ್ನೂ ಬರೆದುಕೊಟ್ಟೆ: ವಿಜ್ಞಾನ ತಂತ್ರಜ್ಞಾನ ಶಿಕ್ಷಣದಲ್ಲಿ ಈ ವಿಷಯಕ್ಕೆ ಜಾಗವಿಲ್ಲ, ಇದು ಕಂಠಪಾಠದ ವಿಷಯ, ಇದರ ಪಿರಿಯಡ್ಡುಗಳನ್ನು ತಂತ್ರಜ್ಞಾನಕ್ಕೆ ಕೊಡಬೇಕು ಎಂದು. ಮುಂದಿನ ಜೂನ್‌ಗೆ ಹಾಗೇ ಆಯಿತು. ಅಂಬಾಬಾಯಿ ಟೀಚರಿಗೆ ಲೈಬ್ರರಿಯ ಬೀಗದ ಕೈ, ಗಂಟೆ ಹೊಡೆಸುವ ಕೆಲಸ ಕೊಟ್ಟರು. ಅವರ ಬೀರು ನನಗೆ ಬಂತು. ದಿಕ್ಸೂಚಿಯನ್ನು ತೆಗೆದು ಪ್ರಯೋಗಶಾಲೆಯಲ್ಲಿ ದೊಡ್ಡ ಅಯಸ್ಕಾಂತದ ಪಕ್ಕದಲ್ಲಿಟ್ಟೆ. ಒಂದು ಮಳೆಗಾಲ ಅದರ ಪಕ್ಕ ಮಲಗಿ ದಿಕ್ಸೂಚಿಗೆ ಬುದ್ಧಿ ಕೆಟ್ಟಿತು. ಮುಳ್ಳು ಬಾಗಿಲ ಕಡೆ ಬಿಟ್ಟರೆ ಬೇರೆಲ್ಲೂ ತೋರಿಸದಾಯಿತು. ಅದನ್ನೂ ನಾನು ಯಾರಿಗೂ ಹೇಳಲಿಲ್ಲ. ಟೀಚರ್ ಮಾತ್ರ ನನ್ನನ್ನು ಕಂಡಾಗಲೆಲ್ಲ ಮೊದಲಿನ ಹಾಗೇ 'ಊಟ ಆಯ್ತೇನೆ ಕುಸುಮಿ?' ಎಂದು ಕೇಳುತ್ತಿದ್ದರು. ಅಂಗಳದ ಒನಕೆಯನ್ನು ಯಾರೂ ಕೀಳಲಿಲ್ಲ. ಕೀಳು ಎಂದು ಹೇಳುವಷ್ಟು ಧೈರ್ಯ ನನಗೂ ಇರಲಿಲ್ಲ.

ಹೊಸ ಪಿರಿಯಡ್ಡುಗಳ ಎರಡನೇ ವರ್ಷ ನಾನೂ ಎಂಟನೇ ಕ್ಲಾಸಿನ ಮಕ್ಕಳೂ ಕೂಡಿ ನಿಜಕ್ಕೂ ಒಂದು ಒಳ್ಳೆಯ ಕೆಲಸ ಮಾಡಿದೆವು, ಅದನ್ನು ಇಲ್ಲ ಎನ್ನಬಾರದು. ಶಾಲೆಯ ಪಕ್ಕದಲ್ಲೇ ಆರೋಗ್ಯ ಕೇಂದ್ರ. ಅದನ್ನು ನಡೆಸುವವರು ಲಿಲ್ಲಿ ಸಿಸ್ಟರ್. ಕರೆಂಟಿಲ್ಲದ ಊರಲ್ಲಿ ಇಂಜೆಕ್ಷನ್ನು ಇಡಲು ತಣ್ಣಗಿನ ಜಾಗವಿರಲಿಲ್ಲ. ನಾವು ಎರಡು ಸೋಲಾರ್ ಪ್ಯಾನೆಲ್ ತರಿಸಿ, ಬ್ಯಾಟರಿ ಜೋಡಿಸಿ, ಒಂದು ಪುಟ್ಟ ಫ್ರಿಜ್ಜು ನಡೆಯುವಂತೆ ಮಾಡಿದೆವು. ವೈರಿಂಗಿನ ಮುಕ್ಕಾಲು ಕೆಲಸ ಜಬೀನಾಳದು. ಅವಳ ತಂದೆ ಬಾಷಾ ಸಾಬರದ್ದು ಲಾರಿ ಪಂಕ್ಚರ್ ಅಂಗಡಿ. ಹುಡುಗಿಗೆ ಸ್ಪ್ಯಾನರ್ ಹಿಡಿಯುವುದು ಅಕ್ಷರಕ್ಕಿಂತ ಮೊದಲು ಬಂದದ್ದು.

ಪ್ಯಾನೆಲ್ ಕೂರಿಸುವ ದಿನ ಪುಸ್ತಕ ತೆರೆದು ಓದಿದೆ: 'ಫಲಕವು ದಕ್ಷಿಣಕ್ಕೆ ಮುಖ ಮಾಡಿರಬೇಕು.'

ಜಬೀನಾ ಕೇಳಿದಳು, "ಮಿಸ್, ದಕ್ಷಿಣ ಅಂದ್ರೆ ಯಾವ್ ಕಡೆ?"

ಏಳು ವರ್ಷ ನಾನಿದ್ದ ಊರುಗಳಲ್ಲಿ ತೆಂಕಣ ಎಂದರೂ ದಕ್ಷಿಣ ಎಂದರೂ ಒಂದೇ. ನಿಘಂಟಿನಲ್ಲೂ ಹಾಗೇ ಇದೆ. ಬಾಯಿ ತಾನಾಗಿ ಆಡಿಬಿಟ್ಟಿತು. "ದಕ್ಷಿಣ ಅಂದ್ರೆ ತೆಂಕಣ. ಅಷ್ಟೂ ಗೊತ್ತಿಲ್ವೇನೆ? ತೆಂಕಣ ಬೀದಿಗೆ ಮುಖ ಮಾಡಿ ಕೂರಿಸಿ."

"ಅಂಬಾಬಾಯಿ ಟೀಚರ್ ಬೇರೆ ಏನೋ ಹೇಳ್ತಿದ್ರು ಮಿಸ್..."

"ಅದೆಲ್ಲ ಹಳೇದು ಬಿಡು."

ಬಿಟ್ಟರು. ಆರೋಗ್ಯ ಕೇಂದ್ರದ ಮಾಳಿಗೆಯ ಮೇಲೆ ಕಬ್ಬಿಣದ ಸ್ಟ್ಯಾಂಡಿಗೆ ಸಿಮೆಂಟು ಹಾಕಿ, ಮಳೆನೀರು ನಿಲ್ಲದಿರಲೆಂದು ಚೆನ್ನಾಗಿ ಓರೆ ಮಾಡಿ, ಎರಡೂ ಪ್ಯಾನೆಲ್ಲುಗಳನ್ನು ತೆಂಕಣ ಬೀದಿಗೆ ಮುಖ ಮಾಡಿ ಕೂರಿಸಿದೆವು. ದೈವ ನನ್ನನ್ನು ಆಟ ಆಡಿಸಬೇಕೆಂದೇ ಆ ತಿಂಗಳು ತೆಂಕಣ ಬೀದಿ ಹೆಚ್ಚುಕಡಿಮೆ ದಕ್ಷಿಣಕ್ಕೇ ಇತ್ತು. ಫ್ರಿಜ್ಜು ಗುಂಯ್ ಎಂದಿತು. ಹಾಲಪ್ಪನವರು ಪೇಡೆ ಹಂಚಿದರು.

ಆ ವರ್ಷ ಚಳಿಗಾಲ ಶುರುವಾದಾಗ ಎರಡು ಸಂಗತಿ ಒಟ್ಟಿಗೆ ನಡೆದವು. ಒಂದು, ಮೇಲಿನಿಂದ ಆರ್ಡರ್ ಬಂತು: ಭೂಗೋಳದ ಶಿಕ್ಷಕಿ ಈ ಶಾಲೆಗೆ ಹೆಚ್ಚುವರಿ, ಆದ್ದರಿಂದ ಬೇರೆ ಊರಿಗೆ ವರ್ಗ, ಹದಿನೈದು ದಿನದೊಳಗೆ ಹಾಜರಾಗತಕ್ಕದ್ದು. ಇನ್ನೊಂದು, ಜಬೀನಾಳಿಗೆ ಸಂತೆಯ ಹುಚ್ಚುನಾಯಿ ಮೊಣಕಾಲಿನ ಕೆಳಗೆ ಕಚ್ಚಿತು. ಮೊದಲಾಗಿದ್ದರೆ ಬಾಷಾ ಸಾಬರು ಮಗಳನ್ನು ಕಟ್ಟಿಕೊಂಡು ಪ್ರತಿ ಸೂಜಿಗೂ ಜಿಲ್ಲಾಸ್ಪತ್ರೆಗೆ ಒಂದು ಹಗಲು ಬಸ್ಸಿನಲ್ಲಿ ಹೋಗಬೇಕಿತ್ತು. ಈಗ ಲಿಲ್ಲಿ ಸಿಸ್ಟರ್ ಅಷ್ಟೂ ಸೂಜಿಯ ಔಷಧ ತರಿಸಿ ನಮ್ಮ ಫ್ರಿಜ್ಜಿನಲ್ಲೇ ಇಟ್ಟರು. ಮೂರು ಸೂಜಿ ಆಯಿತು. ಇನ್ನೆರಡು ಉಳಿದಿದ್ದವು.

ಆಗ ಮೋಡ ಮುಸುಕಿತು. ಒಂದು ವಾರ ಸೂರ್ಯನೇ ಕಾಣಲಿಲ್ಲ. ಊರು ಆ ವಾರದಲ್ಲೇ ಯಾವತ್ತೋ ಮಗ್ಗುಲು ಬದಲಿಸಿತು, ಅದೂ ಸಣ್ಣದಾಗಿ ಅಲ್ಲ, ಅಂಗಾತ ಮಲಗಿದವರು ಬೋರಲಾದಷ್ಟು. ಬಿಸಿಲೇ ಇಲ್ಲದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಬ್ಯಾಟರಿ ಇಳಿಯಿತು. ಮೋಡ ತಾನೇ, ಎಂದುಕೊಂಡೆವು. ಸೋಮವಾರ ಮೋಡ ಹರಿದು ಚುರುಕು ಬಿಸಿಲು ಬಂತು. ನಮ್ಮಮ್ಮ ಹಪ್ಪಳದ ಚಾಪೆ ಎಳೆದುಕೊಂಡು ಅಂಗಳದಿಂದ ಹಿತ್ತಲಿಗೆ ಹೋಗುತ್ತಾ, "ಪೂರ್ತಿ ಹೊರಳಿದೆ ಕಣೆ ಈ ಸಲ, ಸೊಂಟ ಉಳುಕ್ತು ಅನ್ಸುತ್ತೆ ಊರಿಗೆ" ಎಂದಳು. ನಾನೇ ಚಾಪೆಯ ಇನ್ನೊಂದು ತುದಿ ಹಿಡಿದುಕೊಟ್ಟೆ. ಹಪ್ಪಳಕ್ಕೆ ಬಿಸಿಲು ಬೇಕೆಂದು ತಿಳಿಯಿತು, ಪ್ಯಾನೆಲ್ಲಿಗೂ ಅದೇ ಬಿಸಿಲು ಬೇಕೆಂದು ತಿಳಿಯಲಿಲ್ಲ. ಹಪ್ಪಳ ಮನೆಯ ಕೆಲಸ, ಪ್ಯಾನೆಲ್ಲು ವಿಜ್ಞಾನ.

ಸೋಮವಾರ ಸಂಜೆಗೂ ಬ್ಯಾಟರಿ ಏರಲಿಲ್ಲ. ಮಂಗಳವಾರ ವೈರು ವೈರೂ ಬಿಚ್ಚಿ ನೋಡಿದೆವು. ಬ್ಯಾಟರಿಗೆ ನೀರು ಹಾಕಿದೆವು, ಫ್ಯೂಸು ಬದಲಿಸಿದೆವು. ಮಾಳಿಗೆ ಹತ್ತಿ ಪ್ಯಾನೆಲ್ಲಿನ ಧೂಳನ್ನೂ ಒರೆಸಿದೆವು. ಒರೆಸುವಾಗ ಬಿಸಿಲು ನಮ್ಮ ಕಣ್ಣಿಗೇ ಹೊಡೆಯುತ್ತಿತ್ತು, ಒಂದು ಕೈ ಹಣೆಗೆ ಅಡ್ಡ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಒರೆಸಿದೆವು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಳು ಎನ್ನುತ್ತಾರಲ್ಲ, ಆ ಹೆಂಗಸಿಗಾದರೂ ಬಿ.ಎಡ್ ಇರಲಿಲ್ಲ.

ಬುಧವಾರ ಹನ್ನೊಂದರ ಹೊತ್ತಿಗೆ ಲಿಲ್ಲಿ ಸಿಸ್ಟರ್ ಥರ್ಮಾಮೀಟರು ಹಿಡಿದು ಶಾಲೆಗೇ ಬಂದರು. "ಕುಸುಮಾ ಮಿಸ್, ಎಂಟು ಡಿಗ್ರಿ ದಾಟಿದ್ರೆ ಔಷಧ ಕೆಡುತ್ತೆ. ಈಗ ಏಳೂವರೆ ಇದೆ. ಇರೋ ಐಸೆಲ್ಲ ಇಟ್ಟಿದೀನಿ. ಸಂಜೆವರೆಗೂ ತಡೆಯೋದು ಕಷ್ಟ."

"ಜಿಲ್ಲೆಯಿಂದ ಬೇರೆ ತರಿಸಿದ್ರೆ?"

"ಫೋನ್ ಮಾಡಿ ಕೇಳ್ದೆ. ಸ್ಟಾಕ್ ಇಲ್ವಂತೆ, ಬರೋದು ಮುಂದಿನ ವಾರಾನೋ ಅದರ ಮುಂದಿನ ವಾರಾನೋ ಅಂದ್ರು. ಹುಡುಗಿ ಸೂಜಿ ನಾಳೇನೇ ಇದೆ. ತಪ್ಪಿಸೋ ಹಾಗಿಲ್ಲ, ಮಿಸ್. ಬೇರೆ ಜ್ವರದ ಹಾಗಲ್ಲ ಹುಚ್ಚುನಾಯಿ ಜ್ವರ."

ಅದು ಎಂಥ ಜ್ವರ ಎಂದು ನನಗೆ ಗೊತ್ತಿತ್ತು. ಕೈಯಲ್ಲಿ ಸ್ಕ್ರೂಡ್ರೈವರು ಹಿಡಿದು ಹಿಂದೆಯೇ ನಿಂತಿದ್ದ ಜಬೀನಾಳಿಗೂ ಗೊತ್ತಿತ್ತು. ಅವಳೇ ನನಗೆ ಸಮಾಧಾನ ಹೇಳುವವಳ ಹಾಗೆ, "ಇನ್ನೊಂದ್ಸಲ ಕನೆಕ್ಷನ್ ನೋಡೋಣ ಮಿಸ್" ಎಂದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಂಗಳಕ್ಕೆ ಬಂದೆ.

ಅಂಗಳದಲ್ಲಿ ಅಂಬಾಬಾಯಿ ಟೀಚರ್ ಒನಕೆಯ ಬಳಿ ಕುಕ್ಕರಗಾಲಲ್ಲಿ ಕೂತು ಚುಕ್ಕೆ ಇಡುತ್ತಿದ್ದರು. ಕ್ಲಾಸು ಹೋಗಿ ಒಂದೂವರೆ ವರ್ಷವಾಗಿತ್ತು. ಶನಿವಾರದ ಬಸ್ಸಿಗೆ ಊರನ್ನೇ ಬಿಡುವವರಿದ್ದರು. ಆದರೂ ಚುಕ್ಕೆ ತಪ್ಪಿಸಿರಲಿಲ್ಲ. ನನ್ನ ಮುಖ ನೋಡಿ ಕೇಳಿದರು, "ಯಾಕೆ ಕುಸುಮಿ, ಊಟ ಬಿಟ್ಟಿದೀಯಾ?"

ನಾನು ಎಲ್ಲವನ್ನೂ ಹೇಳಿದೆ. ಬ್ಯಾಟರಿ, ಫ್ಯೂಸು, ವೈರು, ಧೂಳು, ಏಳೂವರೆ. "ಎಲ್ಲಾ ಸರಿಯಾಗಿದೆ ಟೀಚರ್. ಪ್ಯಾನೆಲ್ಲೂ ದಕ್ಷಿಣಕ್ಕೇ ಇದೆ."

"ದಕ್ಷಿಣಕ್ಕಾ? ಯಾರು ನೋಡಿದ್ದು?"

"ತೆಂಕಣ ಬೀದಿಗೇ ಮುಖ ಮಾಡಿ..."

ಹೇಳುವಾಗಲೇ ನನಗೆ ಹೊಳೆಯಿತು. ಟೀಚರ್ ನಗಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಎದ್ದು ಸೀರೆಗೆ ಕೈ ಒರೆಸಿಕೊಂಡು, ಮೂವತ್ತು ವರ್ಷ ಮಕ್ಕಳಿಗೆ ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದರು, "ತೆಂಕಣ ಬೀದಿ ಈವತ್ತು ಯಾವ ದಿಕ್ಕಿಗೆ?"

ನಾನು ಒನಕೆಯ ಕಡೆ ನೋಡಿದೆ. ಅವರು ತಾವಾಗಿ ಹೇಳಲಿಲ್ಲ. "ಮಕ್ಕಳನ್ನ ಕರಿ. ಇನ್ನೊಂದು ಗಂಟೆಗೆ ಗಿಡ್ಡ ನೆರಳು ಬೀಳುತ್ತೆ. ಬೆಳಗ್ಗಿಂದ ಚುಕ್ಕೆ ಇಟ್ಟಿದೀನಿ" ಎಂದರು.

"ಟೀಚರ್, ಟೈಮಿಲ್ಲ, ನೀವೇ ಹೇಳಿಬಿಡಿ..."

"ನಾನು ಹೇಳಿದ್ರೆ ಇದೊಂದು ಸಲಕ್ಕಾಯ್ತು. ನಾನು ಶನಿವಾರ ಹೋಗ್ತೀನಿ ಕಣೆ. ಆಮೇಲೆ ಯಾರನ್ನ ಕೇಳ್ತೀಯ? ಮೊದಲು ಪ್ಯಾನೆಲ್ಲು ಇಳಿಸಿ ಇಟ್ಕೊಳಿ, ಅಷ್ಟರಲ್ಲಿ ಹೊತ್ತೂ ಆಗುತ್ತೆ."

ಹಾರೆ ತಂದು ಸಿಮೆಂಟು ಒಡೆದೆವು. ಬಾಷಾ ಸಾಬರು ಅಂಗಡಿ ಹಾಗೇ ಬಿಟ್ಟು ಓಡಿ ಬಂದರು. ಪ್ಯಾನೆಲ್ಲುಗಳನ್ನು ಹಗ್ಗ ಕಟ್ಟಿ ಇಳಿಸಿ, ಉದ್ದ ವೈರಿಗೆ ಸೇರಿಸಿ, ಅಂಗಳದ ಬೇಲಿಗೆ ಒರಗಿಸಿದೆವು. ಎಂಟನೇ ಕ್ಲಾಸಿನ ಮೂವತ್ತೆರಡು ಮಕ್ಕಳೂ ಒನಕೆಯ ಸುತ್ತ ಕೂತರು. ಎಷ್ಟೋ ಮಕ್ಕಳಿಗೆ ಅದು ಮರೆತೇ ಹೋಗಿತ್ತು. ನೆರಳು ಗಿಡ್ಡವಾಗುತ್ತಾ ಬಂತು, ಒಂದು ಕಡೆ ನಿಂತಂತೆ ಕಂಡಿತು, ಮತ್ತೆ ಉದ್ದವಾಗತೊಡಗಿತು. ಜಬೀನಾ ಬಗ್ಗಿ, ಒನಕೆಯ ಬುಡದಿಂದ ಎಲ್ಲಕ್ಕಿಂತ ಹತ್ತಿರದ ಚುಕ್ಕೆಗೆ ಗೆರೆ ಎಳೆದಳು. ಆ ಗೆರೆಯನ್ನು ಕಣ್ಣಲ್ಲೇ ಮುಂದಕ್ಕೆ ಎಳೆದರೆ ಬೇಲಿ ದಾಟಿ, ಗಿರಣಿ ದಾಟಿ, ಕೆಂಪಮ್ಮನ ಹೂವಿನ ಅಂಗಡಿಯ ಮುಂದೆ ನೇರ ತೆಂಕಣ ಬೀದಿಯೊಳಗೆ ಹೋಗುತ್ತಿತ್ತು.

"ಚಳಿಗಾಲದ ಗಿಡ್ಡ ನೆರಳು ಯಾವ ದಿಕ್ಕು ತೋರಿಸುತ್ತೆ?" ಟೀಚರ್ ಕೇಳಿದರು.

ಮಕ್ಕಳಿಗೆ ನೆನಪಿರಲಿಲ್ಲ. ನಾನು ಕೈ ಎತ್ತಿದೆ. ನಿಜವಾಗಿ ಎತ್ತಿದೆ, ಎಂಟನೇ ಕ್ಲಾಸಿನ ಮಕ್ಕಳ ನಡುವೆ ಕೂತು. "ಉತ್ತರ ಟೀಚರ್."

"ಪೂರ್ತಿ ಹೇಳು."

"ಈವತ್ತು ತೆಂಕಣ ಬೀದಿ ಉತ್ತರಕ್ಕೆ, ಬಡಗಣ ಬೀದಿ ದಕ್ಷಿಣಕ್ಕೆ." ಮಕ್ಕಳು ಅದನ್ನೇ ಜೋರಾಗಿ, ರಾಗವಾಗಿ ಎರಡು ಸಲ ಹೇಳಿದರು. ನಮ್ಮ ಪ್ಯಾನೆಲ್ಲು ಮೂರು ದಿನದಿಂದ ಸೂರ್ಯನಿಗೆ ಬೆನ್ನು ಹಾಕಿ ಕೂತಿತ್ತು.

ಸ್ಟ್ಯಾಂಡು ಇರಲಿಲ್ಲ, ಕಟ್ಟಲು ಹೊತ್ತೂ ಇರಲಿಲ್ಲ. ಮಕ್ಕಳೇ ಸ್ಟ್ಯಾಂಡಾದರು. ಒಂದು ಪ್ಯಾನೆಲ್ಲಿಗೆ ಆರು ಮಂದಿಯಂತೆ ಹೆಗಲು ಕೊಟ್ಟು, ಮುಖ ಬಡಗಣ ಬೀದಿಯ ಕಡೆಗೆ ಮಾಡಿ, ಓರೆಯಾಗಿ ಎತ್ತಿ ಹಿಡಿದರು. ಸೋತವರನ್ನು ಬಿಡಿಸಲು ಹಿಂದೆ ಇನ್ನೊಂದು ಸಾಲು ನಿಂತಿತು. ಸೂರ್ಯ ಸರಿದ ಹಾಗೆ ಟೀಚರ್ ಒನಕೆಯ ಬಳಿಯಿಂದ "ಸ್ವಲ್ಪ ಪಶ್ಚಿಮಕ್ಕೆ, ಇನ್ನೂ ಸ್ವಲ್ಪ, ಸಾಕು" ಎನ್ನುತ್ತಿದ್ದರು. ಮಕ್ಕಳು ಹೆಜ್ಜೆ ಸರಿಸುತ್ತಿದ್ದರು. ಒಂದೆರಡು ಸಲಕ್ಕೆ ಪಶ್ಚಿಮ ಯಾವುದೆಂದು ಹೇಳಿಕೊಡುವುದು ಬೇಕಾಗಲಿಲ್ಲ, ಹೆಗಲಿಗೇ ಗೊತ್ತಾಗಿತ್ತು. ಜಬೀನಾಳನ್ನು ಎತ್ತಲು ಬಿಡಲಿಲ್ಲ. ಅವಳು ಮೀಟರು ಹಿಡಿದು ಕೂತು, ಮುಳ್ಳು ಏರಿದಾಗಲೆಲ್ಲ ಕೂಗುತ್ತಿದ್ದಳು. ದಾರಿಯಲ್ಲಿ ಹೋಗುವವರು ನಿಂತರು. ಕೆಂಪಮ್ಮ ಮಜ್ಜಿಗೆ ತಂದಳು. ಇಮಾಮ್ ಸಾಹೇಬರು ಬಂದು ಅಂಗಿಯ ತೋಳು ಮಡಿಸಿ ಒಂದು ಮೂಲೆಗೆ ಹೆಗಲು ಕೊಟ್ಟು, "ನಮಗಂತೂ ಈ ಒನಕೆ ಯಾವತ್ತೂ ಮೋಸ ಮಾಡಿಲ್ಲ ನೋಡಿ" ಎಂದರು. ಹಾಲಪ್ಪನವರು ಹೆಗಲು ಕೊಡಲು ಬಂದರು, ಎತ್ತರ ಸಾಲಲಿಲ್ಲ.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಲಿಲ್ಲಿ ಸಿಸ್ಟರ್ ಬಾಗಿಲಿಗೆ ಬಂದು ಥರ್ಮಾಮೀಟರು ಎತ್ತಿ ಹಿಡಿದರು. "ಐದು!" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಮಧ್ಯಾಹ್ನ ಅದು ಎಂಟಕ್ಕೆ ಕೂದಲೆಳೆ ಕಡಿಮೆ ಇದ್ದಾಗ ಅವರು ನಮಗೆ ಹೇಳದೆ ಫ್ರಿಜ್ಜಿನ ಮುಂದೆ ಮೊಣಕಾಲೂರಿ ಕೂತಿದ್ದರಂತೆ. ಮರುದಿನ ಜಬೀನಾಳಿಗೆ ಸೂಜಿ ಹಾಕಿದರು. ಎರಡು ವಾರ ಬಿಟ್ಟು ಕೊನೆಯದೂ ಆಯಿತು. ಆ ಹುಡುಗಿ ಈವತ್ತಿಗೂ ಗಟ್ಟಿಮುಟ್ಟಾಗಿದ್ದಾಳೆ, ನನ್ನೊಂದಿಗೆ ವಾದಕ್ಕೂ ನಿಲ್ಲುತ್ತಾಳೆ.

ಸ್ಟ್ಯಾಂಡಿನ ಉಪಾಯವೂ ಅವಳದೇ. "ಊರು ತಿರುಗುತ್ತೆ ಅಂದ್ಮೇಲೆ ಪ್ಯಾನೆಲ್ಲೂ ತಿರುಗ್ಬೇಕಲ್ವಾ ಮಿಸ್?" ಎಂದಳು. ಬಾಷಾ ಸಾಬರು ಹಳೆಯ ಲಾರಿ ಚಕ್ರದ ಹಬ್ ಒಂದನ್ನು ಬೇರಿಂಗ್ ಸಮೇತ ತಂದು ಕಂಬದ ನೆತ್ತಿಗೆ ಕೂರಿಸಿದರು. ಮೇಲೆ ಪ್ಯಾನೆಲ್ಲು. ಬೆರಳಲ್ಲಿ ನೂಕಿದರೆ ತಿರುಗುತ್ತದೆ. ನಾನು ಓದಿದ ಯಾವ ಪುಸ್ತಕದಲ್ಲೂ ಇಂಥದ್ದಿರಲಿಲ್ಲ. ಆ ಪುಸ್ತಕಗಳನ್ನು ಬರೆದವರ ಊರು ಹೊರಳುವುದಿಲ್ಲವಲ್ಲ.

ಶುಕ್ರವಾರ ನಾನು ಹಾಲಪ್ಪನವರ ಕೋಣೆಗೆ ಹೋದೆ. "ಸಾರ್, ಟೀಚರ ವರ್ಗಕ್ಕೆ ಕಾರಣ ನಾನು. ಆ ಪತ್ರ ವಾಪಸ್ ತಗೋಬೇಕು. ಬೇರೆ ಬರೆದುಕೊಡ್ತೀನಿ, ಈಗಲೇ ಕಳಿಸಿ" ಎಂದೆ. "ಅವರಿಗೆ ಗೊತ್ತಾಗೋ ಮೊದಲು ಕಳಿಸಿಬಿಡಿ ಸಾರ್" ಎಂದೂ ಸೇರಿಸಿದೆ. ಅದು ನನ್ನ ಹೇಡಿತನ.

ಹಾಲಪ್ಪನವರು ಕನ್ನಡಕದ ಮೇಲಿಂದ ನೋಡಿ, "ಯಾರಿಗೆ ಗೊತ್ತಾಗೋ ಮೊದಲು?" ಎನ್ನುತ್ತಾ ಫೈಲು ತೆಗೆದು ನಾನು ಬರೆದುಕೊಟ್ಟಿದ್ದ ಆ ಪತ್ರವನ್ನೇ ಮುಂದಿಟ್ಟರು.

ಎರಡು ಪುಟ, ನನ್ನ ಅಕ್ಷರ. ಆತುರದಲ್ಲಿ ನಾನು ಎಲ್ಲ ಕಡೆಯೂ 'ಭೂಗೋಲ' ಎಂದು ಬರೆದಿದ್ದೆ. ಹನ್ನೊಂದು ಕಡೆ. ಹನ್ನೊಂದು ಕಡೆಯೂ ಆ 'ಲ'ವನ್ನು ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ ದುಂಡಗೆ 'ಳ' ಬರೆದಿತ್ತು. ಆ ಕೆಂಪು ಶಾಯಿ, ಆ ದುಂಡನೆಯ ಅಕ್ಷರ ನನಗೆ ಐದನೇ ಕ್ಲಾಸಿನಿಂದ ಗೊತ್ತು.

"ಮೇಲಕ್ಕೆ ಹೋಗೋ ಪತ್ರ, ತಪ್ಪಿರಬಾರದು ಅಂತ ಟೈಪ್ ಮಾಡಿಸೋ ಮುಂಚೆ ಅವರಿಗೇ ತಿದ್ದೋಕೆ ಕೊಟ್ಟಿದ್ದೆ" ಎಂದರು ಹಾಲಪ್ಪನವರು, ತೀರಾ ಸಹಜವಾಗಿ. "ನಮ್ಮ ಸ್ಕೂಲಲ್ಲಿ ಕನ್ನಡ ಶುದ್ಧವಾಗಿ ಬರೆಯೋರು ಅವರೊಬ್ಬರೇ ಅಲ್ವಾ?"

ಒಂದೂವರೆ ವರ್ಷ 'ಊಟ ಆಯ್ತೇನೆ ಕುಸುಮಿ' ಎಂದು ಕೇಳಿದ್ದು ಇದನ್ನು ಓದಿದ ಮೇಲೆ. ಬುಧವಾರ ಒನಕೆಯ ಬಳಿ ಕೂರಿಸಿಕೊಂಡು ಪಾಠ ಹೇಳಿದ್ದು ಇದನ್ನು ತಿದ್ದಿಕೊಟ್ಟ ಮೇಲೆ. ಆ ಕೋಣೆಯಲ್ಲೇ ಕೂತು ಹೊಸ ಪತ್ರ ಬರೆದೆ. ಭೂಗೋಳವಿಲ್ಲದೆ ನಮ್ಮ ಶಾಲೆಯ ತಂತ್ರಜ್ಞಾನಕ್ಕೆ ಕಣ್ಣಿಲ್ಲ ಎಂದು ಬರೆದೆ. ನಡೆದದ್ದನ್ನೆಲ್ಲ, ನನ್ನ ತಪ್ಪಿನ ಸಮೇತ, ಬರೆದೆ. ಪತ್ರ ಅದೇ ದಿನ ಹೋಯಿತು. ಉತ್ತರ ಹತ್ತು ತಿಂಗಳ ಮೇಲೆ ಬಂತು: ಭೂಗೋಳದ ಪಿರಿಯಡ್ಡುಗಳನ್ನು ವಿಜ್ಞಾನ ತಂತ್ರಜ್ಞಾನದ ಜೊತೆಗೇ ಸೇರಿಸಿ ನಡೆಸಬಹುದು, ವಿಜ್ಞಾನದ ಶಿಕ್ಷಕಿಯೇ ಕಲಿಸತಕ್ಕದ್ದು. ವರ್ಗದ ವಿಷಯ ಪರಿಶೀಲನೆಯಲ್ಲಿದೆ.

ನನ್ನ ಪತ್ರ ಹೋದ ಮರುದಿನ, ಶನಿವಾರ, ಟೀಚರ್ ಹೊರಟರು. ಬಸ್ಸು ಆ ದಿನ ಪಡುವಣ ಬೀದಿಯೊಳಗೆ ಬಂದಿತ್ತು. ಊರಿಗೆ ಊರೇ ಅಲ್ಲಿ ನಿಂತಿತ್ತು. ನಾನು ಅವರ ಕಾಲಿಗೆ ನಮಸ್ಕಾರ ಮಾಡಿ ಏಳಲಾರದೆ, "ಟೀಚರ್, ಆ ಪತ್ರ... ನೀವು ಓದಿದ್ರಂತೆ" ಎಂದೆ.

"ಓದಿದೆ. ಹನ್ನೊಂದು ತಪ್ಪು ಕಣೆ, ಒಂದೇ ಪತ್ರದಲ್ಲಿ. ನನ್ನ ಮರ್ಯಾದೆ ಏನಾಗ್ಬೇಕು?" ಎಂದು ತಲೆಯ ಮೇಲೆ ಕೈಯಿಟ್ಟರು. "ಏಳು. ಒನಕೆ ಬಿಟ್ಟು ಹೋಗ್ತಿದೀನಿ. ಮಳೆಗಾಲದಲ್ಲಿ ಬುಡಕ್ಕೆ ಎಣ್ಣೆ ಸವರು, ಗೆದ್ದಲು ಹಿಡಿದೀತು."

"ಟೀಚರ್, ದಿಕ್ಸೂಚಿನೂ ನಾನೇ ಕೆಡಿಸ್ದೆ."

"ಗೊತ್ತು. ದಾರಿ ಬಿಡು, ಬಸ್ ತಡವಾಗುತ್ತೆ" ಎಂದು ಬಸ್ಸು ಹತ್ತಿದರು. ಬಸ್ಸು ತಿರುಗುವಾಗ ಕಿಟಕಿಯಿಂದ ಕೈ ಬೀಸಲಿಲ್ಲ. ತಲೆ ಹೊರಗೆ ಹಾಕಿ ಸೂರ್ಯ ಎಲ್ಲಿದ್ದಾನೆ ಎಂದು ನೋಡುತ್ತಿದ್ದರು.

ಎರಡು ತಿಂಗಳಿಗೆ ಕಾರ್ಡು ಬಂತು. ಇಲ್ಲಿ ಎಲ್ಲ ಕ್ಷೇಮ, ಊರು ಅಲ್ಲಾಡುವುದಿಲ್ಲ, ಸೂರ್ಯ ದಿನವೂ ಒಂದೇ ಕಿಟಕಿಯಲ್ಲಿ ಬರುತ್ತಾನೆ, ಮೊದಮೊದಲು ಬೇಜಾರಾಯಿತು ಎಂದು ಬರೆದಿದ್ದರು. ಕೆಳಗೆ, ಜಾಗ ಸಾಲದೆ ಅಂಚಿನಲ್ಲಿ: 'ದಕ್ಷಿಣ ಯಾವ ಕಡೆ ಎಂದು ಇಲ್ಲಿಯ ಮಕ್ಕಳನ್ನು ಕೇಳಿದೆ. ಬಸ್‌ಸ್ಟ್ಯಾಂಡಿನ ಕಡೆ ಎಂದರು. ತುಂಬಾ ಕೆಲಸವಿದೆ. ಒಂದು ಒನಕೆ ಹುಡುಕಿಸುತ್ತಿದ್ದೇನೆ.'

ಆ ಕಾರ್ಡನ್ನು ಪ್ರಯೋಗಶಾಲೆಯ ಗೋಡೆಗೆ ಅಂಟಿಸಿದ್ದೇನೆ. ಅದರ ಪಕ್ಕದಲ್ಲೇ ಟೈಮ್‌ಟೇಬಲ್. ವಾರಕ್ಕೆ ನಾಲ್ಕು ಪಿರಿಯಡ್ಡು ನಾವು ಅಂಗಳದಲ್ಲಿ ಕೂರುತ್ತೇವೆ. ಮೊದಲು ನೆರಳು, ಆಮೇಲೆ ಪ್ಯಾನೆಲ್ಲು, ಆಮೇಲೆ ಮೀಟರು. ಊರು ಹೊರಳಿದ ದಿನ ಮಕ್ಕಳು ಮನೆಯಿಂದ ನೇರ ಒನಕೆಗೆ ಓಡಿ ಬರುತ್ತಾರೆ, ಇಮಾಮ್ ಸಾಹೇಬರು ಗೇಟಿಗೆ ಬಂದು ಈಗ ನನ್ನನ್ನು ಕೇಳುತ್ತಾರೆ. ಕೇಳಿದಾಗ ಮನಸ್ಸು ತುಂಬಿ ಬರುತ್ತದೆ. ನನಗೆ ಅನ್ನ ಹಾಕುವ ಕೆಲಸವನ್ನೂ, ಒಂದು ಹುಡುಗಿಯ ಜೀವವನ್ನೂ, ಊರಲ್ಲಿ ತಲೆಯೆತ್ತಿ ನಡೆಯುವ ಮುಖವನ್ನೂ ಉಳಿಸಿಕೊಟ್ಟವರು ಅವರು. ಅದಕ್ಕೆ ಪ್ರತಿಯಾಗಿ ಅವರು ಕೇಳಿದ್ದು ಗೆದ್ದಲು ಹಿಡಿಯದಂತೆ ನೋಡಿಕೋ ಎಂದಷ್ಟೇ.

ಪಾಠ ಶುರು ಮಾಡುವಾಗ ಹಲಗೆಯ ಮೇಲೆ ವಿಷಯದ ಹೆಸರು ಬರೆಯಬೇಕು. ಬೇರೆ ಯಾವ ಅಕ್ಷರಕ್ಕೂ ನಿಲ್ಲದ ನನ್ನ ಕೈ ಕೊನೆಯ ಅಕ್ಷರಕ್ಕೆ ಬಂದಾಗ ಈಗಲೂ ಒಂದು ಗಳಿಗೆ ನಿಲ್ಲುತ್ತದೆ. ಮಕ್ಕಳು ಕಾಯುತ್ತಾರೆ. ಆಮೇಲೆ ಅದನ್ನು ದುಂಡಗೆ, ಅವರು ಬರೆಯುತ್ತಿದ್ದ ಹಾಗೆಯೇ ಬರೆಯುತ್ತೇನೆ: ಳ.